ಕೈಪಿಡಿ ಕೋಡಿನ ಜೊತೆಯಲ್ಲೇ ಬದಲಾಗಲಿ

ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಕೋಡನ್ನು ನೋಡಿ ಬದಲಿಸಬಹುದಾದ ತಂತ್ರಾಂಶದ, ಯೋಜನೆಗಳಲ್ಲಿ ಕೋಡ್ ಮೊದಲು ಸೇರಲಿ, ಕೈಪಿಡಿಯನ್ನು ಬಿಡುವಾದಾಗ ತಿದ್ದಿಕೊಂಡರಾಯಿತು ಎಂದು ನಾನು ಓದಿದ ಲೇಖನವೊಂದರ ಲೇಖಕರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪಲಾರೆ. 1985ರಿಂದ ಬಳಕೆಯಲ್ಲಿರುವ ಗ್ನೂ ಈಮ್ಯಾಕ್ಸ್ ಎಂಬ, ಪಠ್ಯ ಬರೆದು ತಿದ್ದುವ ತಂತ್ರಾಂಶದಲ್ಲಿ ಇಂಥ ಬಾಕಿಯನ್ನು ಮರೆಯಲು ಬಿಡದ ಸರಳ ಪದ್ಧತಿಯೊಂದಿದೆ. ಹೊಸ ಸೌಲಭ್ಯ ಸೇರಿದಾಗ ‘ನ್ಯೂಸ್’ ಎಂಬ ಕಡತದಲ್ಲಿ ಅದರ ವಿವರ ಬರೆದು, ಕೈಪಿಡಿಯನ್ನೂ ತಿದ್ದಿದ್ದರೆ ಆ ವಿವರದ ಮೇಲೆ ಮೂರು ಕೂಡಿಸುವ ಚಿಹ್ನೆ, ತಿದ್ದುವ ಅಗತ್ಯವೇ ಇಲ್ಲದಿದ್ದರೆ ಮೂರು ಅಡ್ಡಗೆರೆ ಹಾಕುತ್ತಾರೆ. ಎರಡೂ ಇಲ್ಲದಿದ್ದರೆ ಕೆಲಸ ಉಳಿದಿದೆ ಎಂಬುದು ಯಾರಿಗಾದರೂ ಕಣ್ಣಿಗೆ ಬೀಳುತ್ತದೆ. ಫಂಕ್ಷನ್‌ನ, ಅಂದರೆ ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡಿನ ತುಣುಕಿನ, ವಿವರಣೆಯಂತೂ ಕೋಡಿನೊಳಗೇ, ಅದರ ಹೆಸರಿನ ಕೆಳಗೇ ಇರುತ್ತದೆ. ಬಳಕೆದಾರರು ಸಹಾಯ ಕೇಳಿದಾಗ ತೆರೆಯ ಮೇಲೆ ಬರುವುದು ಅದೇ ಸಾಲುಗಳು.

ಈ ಪಾಠವನ್ನು ನಾನು ತಡವಾಗಿ ಕಲಿತೆ. ದಾವಣಗೆರೆಯ ಮನೆಯಲ್ಲಿ ಕುಳಿತು ಬರೆದ ಪುಟ್ಟ ಸೇರ್ಪಡೆಯೊಂದರಲ್ಲಿ, ಕಡತ ಎಷ್ಟು ಹೊತ್ತಿಗೊಮ್ಮೆ ತಾನಾಗಿ ಸೇವ್ ಆಗಬೇಕೆಂಬ ಲೆಕ್ಕವನ್ನು ನಿಮಿಷದಿಂದ ಸೆಕೆಂಡಿಗೆ ಬದಲಿಸಿದ್ದೆ. ವಿವರಣೆಯಲ್ಲಿದ್ದ ‘ನಿಮಿಷ’ ಎಂಬ ಒಂದೇ ಪದ ಹಾಗೆಯೇ ಉಳಿದಿತ್ತು. ಚಿತ್ರದುರ್ಗದ ಉಪನ್ಯಾಸಕ ಮಿತ್ರರೊಬ್ಬರು ಅದನ್ನು ನಂಬಿ 5 ಎಂದು ಕೊಟ್ಟರು. ಐದೈದು ಸೆಕೆಂಡಿಗೊಮ್ಮೆ ಡಿಸ್ಕಿಗೆ ಬರೆಯುತ್ತ ತಡವರಿಸುತ್ತಿದ್ದ ತಮ್ಮ ಹಳೆಯ ಲ್ಯಾಪ್‌ಟಾಪ್ ಕೆಟ್ಟಿದೆಯೆಂದು ರಿಪೇರಿ ಅಂಗಡಿಗೂ ಒಯ್ದರು. ಕೋಡಿನಲ್ಲಿ ದೋಷವಿರಲಿಲ್ಲ ಎಂದು ನಾನು ಅವರಿಗೆ ಹೇಳಲು ಹೋದದ್ದು, ಈಗ ಯೋಚಿಸಿದರೆ, ಉದ್ಧಟತನವೇ.

ಕೈಪಿಡಿ ತಿದ್ದಿಲ್ಲವೆಂದು ಬದಲಾವಣೆಯನ್ನು ಹಿಂತಿರುಗಿಸಿದರೆ ಹೊಸಬರು ಬೇಸರಗೊಳ್ಳುತ್ತಾರೆ ಎಂಬ ಲೇಖಕರ ಆತಂಕ ನಿಜ. ಆದರೆ ಹಾಗೆ ಹಿಂತಿರುಗಿಸುವ ಬದಲು, ಕೈಪಿಡಿಗೆ ಬೇಕಾದ ಒಂದೆರಡು ಸಾಲುಗಳನ್ನು ಬದಲಾವಣೆಯನ್ನು ಪರಿಶೀಲಿಸುವವರೇ ಬರೆದು ಅದೇ ಬದಲಾವಣೆಯೊಂದಿಗೆ ಸೇರಿಸಬಹುದಲ್ಲವೇ?