ಕೆಂಪು ದೀಪ ಹತ್ತಿತು

ಕೆಂಪು ದೀಪ ಹತ್ತಿದ್ದೇ ತಡ, ವಕೀಲರು ಮಾತು ಮುಗಿಸಿ ಕೂತರು. ಇಷ್ಟೇನಾ ಅಂತ ನಾನು ಅಕ್ಕಪಕ್ಕ ನೋಡಿದೆ. ಯಾರಿಗೂ ಆಶ್ಚರ್ಯವಿಲ್ಲ.

ಅಮೆರಿಕದಲ್ಲಿ ಪೇಟೆಂಟ್ ಮೇಲ್ಮನವಿಗಳು ವಾಷಿಂಗ್ಟನ್ನಿನ ಫೆಡರಲ್ ಸರ್ಕ್ಯೂಟ್ ಕೋರ್ಟಿಗೆ ಬರುತ್ತವೆ. 1982ರಲ್ಲಿ ಶುರುವಾದ ಕೋರ್ಟು. ಮೂವರು ಜಡ್ಜುಗಳು, ಸಾಮಾನ್ಯವಾಗಿ ಒಂದೊಂದು ಕಡೆಗೆ ಹದಿನೈದು ನಿಮಿಷ. ಸಮಯ ಮುಗಿದರೆ ಕೆಂಪು ದೀಪ. ಜೆಟ್ ಎಂಜಿನ್ನಿನ ಸದ್ದು ಅಡಗಿಸುವ ಕೆಲಸ ಹಿಂದೆ ನಾನೂ ಮಾಡಿದವನು. ಅಂಥದೇ ಒಂದು ಕೇಸಿದೆ ಅಂತ ಗೊತ್ತಾಗಿ ಸುಮ್ನೆ ಹೋಗಿ ಕೂತಿದ್ದೆ.

ಎಂಜಿನ್ನಿನ ಬಾಯಿಯ ಒಳಗೋಡೆಗೆ ಸಣ್ಣ ತೂತುಗಳ ತಗಡು ಹೊದಿಸಿರುತ್ತಾರೆ. ಅದರ ಹಿಂದೆ ಜೇನುಗೂಡಿನಂಥ ಕೋಣೆಗಳು. ಕೋಣೆಯ ಆಳ ಸದ್ದಿನ ಅಲೆಯ ಉದ್ದದ ಕಾಲುಭಾಗದಷ್ಟಿದ್ದರೆ ಆ ಸದ್ದು ಅಲ್ಲೇ ಬಹಳಷ್ಟು ಅಡಗುತ್ತದೆ. 2000 ಹರ್ಟ್ಸ್‌ಗೆ ಸುಮಾರು 4 ಸೆಂಟಿಮೀಟರ್. ಇದರಲ್ಲಿ ಹೊಸದೇನೂ ಇಲ್ಲ. ಜಗಳ ಇದ್ದದ್ದು ಎರಡು ಆಳದ ಕೋಣೆಗಳನ್ನು ಅಕ್ಕಪಕ್ಕ ಕೂರಿಸಿದ ಬಗ್ಗೆ. ಅದು ಬಲ್ಲವರಿಗೆ ತಾನಾಗೇ ಹೊಳೆಯುವಂಥದ್ದು ಅಂತ ಪೇಟೆಂಟ್ ಆಫೀಸು ತಳ್ಳಿಹಾಕಿತ್ತು. ಎರಡು ಸ್ವರ ಅಡಗಿಸೋಕೆ ಎರಡು ಆಳ ಇಡದೆ ಇನ್ನೇನು ಮಾಡ್ತೀರಿ ಅಂತ ಜಡ್ಜೊಬ್ಬರು ಕೇಳಿದರು. ವಕೀಲರು ಕಾಗದ ತಿರುವಿದರು. ಕೋಣೆಗಳ ನಡುವಿನ ಗೋಡೆ ಸೋರದ ಹಾಗೆ ಮಾಡೋದೇ ಕಷ್ಟ ಸ್ವಾಮಿ ಅಂತ ಹಿಂದಿನ ಸಾಲಿನಿಂದ ಕೂಗಬೇಕು ಅನ್ನಿಸಿತು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ನಮ್ಮಲ್ಲಿ ಇಂಥ ಮೇಲ್ಮನವಿಗಳಿಗೆಂದೇ ಚೆನ್ನೈಯಲ್ಲಿ ಒಂದು ಮಂಡಳಿ ಇತ್ತು. ಅಧ್ಯಕ್ಷರಿಲ್ಲದೆ ತಿಂಗಳುಗಟ್ಟಲೆ ಕೂತದ್ದೂ ಉಂಟು. 2021ರಲ್ಲಿ ಮುಚ್ಚಿ, ಕೇಸುಗಳನ್ನು ಹೈಕೋರ್ಟುಗಳಿಗೆ ದಾಟಿಸಿದರು. ಆಗ ಗೆಳೆಯನೊಬ್ಬ ಫೋನ್ ಮಾಡಿ, "ಗುರೂ, ಕೇಸು ಹಾಗೇ ಇದೆ, ಕೋರ್ಟೇ ಹೋಯ್ತು" ಅಂದಿದ್ದ. ಪೇಟೆಂಟಿನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ತಾರೀಖಿನ ಮೇಲೆ ತಾರೀಖು ಬೀಳುತ್ತಿದ್ದರೆ ಗೆದ್ದು ತಾನೇ ಏನು ಮಾಡೋದು, ಅಲ್ವಾ? ಆ ಹದಿನೈದು ನಿಮಿಷವನ್ನು ಹೊಗಳಿ ಅವನಿಗೆ ಉದ್ದುದ್ದ ಮೆಸೇಜು ಕಳಿಸಿದೆ.

ಮುಂದಿನ ವಾರವೇ ತೀರ್ಪು ಬಂತು. ಕೆಳಗಿನ ತೀರ್ಮಾನವನ್ನೇ ಎತ್ತಿಹಿಡಿದಿದ್ದಾರೆ, ಒಂದೇ ಪದದಲ್ಲಿ. ಕಾರಣ ಒಂದು ಸಾಲೂ ಇಲ್ಲ. ಅಲ್ಲಿನ 36ನೇ ನಿಯಮದ ಪ್ರಕಾರ ಹಾಗೆ ಮಾಡಬಹುದು. ಎರಡು ಆಳದ ಮಾತು ಅವರಿಗೆ ಸರಿ ಕಂಡಿತೋ ಇಲ್ಲವೋ, ಸೋತವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮ ಜಡ್ಜುಗಳು ಬರೆಯೋಕೆ ಕೂತರೆ ಪುಟಗಟ್ಟಲೆ ಬರೆಯುತ್ತಾರೆ ಅಂತ ನಾನೇ ಎಷ್ಟೋ ಸಲ ಆಡಿಕೊಂಡಿದ್ದೇನೆ. ಆದ್ರೆ ಯಾಕೆ ಸೋತೆ ಅನ್ನೋದು ಆ ಪುಟಗಳಲ್ಲಿ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ.

ಗೆಳೆಯನಿಗೆ ಈ ತೀರ್ಪಿನ ಸುದ್ದಿ ಇನ್ನೂ ಹೇಳಿಲ್ಲ.