ಪಾಲಿಸಿ ಸರೆಂಡರ್ ಮಾಡಬೇಡಿ, ಆ ಮೆಸೇಜ್ ತಪ್ಪು

ನಮ್ಮ ತುಮಕೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮೂರು ದಿನದಿಂದ ಒಂದು ಮೆಸೇಜ್ ಓಡಾಡುತ್ತಿದೆ. 'ವಿಮಾ ಕಂಪನಿಯ ಸಾಲ್ವೆನ್ಸಿ (ಹಣ ಕೊಡೋ ಶಕ್ತಿಯ ಅಳತೆ) 150ರ ಹತ್ತಿರ ಬಂದರೆ ಸಾಫ್ಟ್‌ವೇರ್ ತಾನಾಗೇ ಹಳೇ ಪಾಲಿಸಿಗಳನ್ನು ರದ್ದು ಮಾಡುತ್ತೆ, ಬೇಗ ಹಣ ತೆಗೆದುಕೊಳ್ಳಿ' ಅಂತ. ನಿನ್ನೆ ಪಕ್ಕದ ಮನೆ ಅಜ್ಜಿ ಸ್ಟೀಲ್ ಡಬ್ಬಿಯಿಂದ ಪಾಲಿಸಿ ಬಾಂಡ್ ತೆಗೆದು, ಪ್ಲಾಸ್ಟಿಕ್ ಕವರ್ ಸಮೇತ ನನ್ನ ಕೈಗಿಟ್ಟರು. 'ಹೋಗಿ ಮುರಿಸಿಕೊಂಡು ಬಾ ಮಗಾ' ಅಂದರು. ಕೈ ನಡುಗುತ್ತಿತ್ತು.

ಇದು ಸುಳ್ಳು. ಎಲ್ಲ ಪಾಲಿಸಿದಾರರಿಗೂ ಮುಂದೆ ಕೊಡಬೇಕಾದ ಹಣವನ್ನು ಕಂಪನಿ ಮೊದಲು ತೆಗೆದಿಡಬೇಕು. ಅದರ ಮೇಲೆ ಇನ್ನೊಂದಿಷ್ಟು ಇರಲೇಬೇಕು. ಆ 'ಇನ್ನೊಂದಿಷ್ಟು' ಲೆಕ್ಕದಲ್ಲಿ 100 ರೂಪಾಯಿ ಬಂದರೆ, ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ ಐಆರ್‌ಡಿಎಐ ನಿಯಮದಂತೆ ಕನಿಷ್ಠ 150 ಇಡಬೇಕು. ಸಾಲ್ವೆನ್ಸಿ 150 ಅಂದರೆ ಇಷ್ಟೇ. ಅದು ನಮ್ಮ ಕಾವಲಿಗೆ ಇರೋದು, ಅಲ್ವಾ?

ಕಂಪನಿಯ ಸಾಫ್ಟ್‌ವೇರ್ ಮಾಡೋದು ಅಂದಾಜಿನ ಲೆಕ್ಕ. ಒಂದೇ ಥರದ ಪಾಲಿಸಿಗಳನ್ನು ಗುಂಪು ಮಾಡಿ, ವರ್ಷಕ್ಕೆ ಎಷ್ಟು ಕ್ಲೇಮ್ ಬರಬಹುದು, ಎಷ್ಟು ಜನ ಕಂತು ನಿಲ್ಲಿಸಬಹುದು, ಬಡ್ಡಿ ಇಳಿದರೆ ಏನಾಗುತ್ತೆ ಅಂತ ಹತ್ತಾರು ವರ್ಷ ಮುಂದಕ್ಕೆ ನೋಡುತ್ತೆ. ಅಜ್ಜಿಯ ಪಾಲಿಸಿ ರದ್ದು ಮಾಡೋ ಅಧಿಕಾರ ಅದಕ್ಕಿಲ್ಲ. ಲೆಕ್ಕಕ್ಕೆ ಸಹಿ ಹಾಕಿ ಹೊಣೆ ಹೊರುವವರು ಆಕ್ಚುವರಿ, ಅಂದರೆ ವಿಮೆ ಲೆಕ್ಕದ ತಜ್ಞರು, ಮನುಷ್ಯರೇ.

ಈ ಸಾಲ್ವೆನ್ಸಿ 150ಕ್ಕಿಂತ ಇಳಿದರೆ? ಸರಿಪಡಿಸುವ ಯೋಜನೆ ಕೊಡಿ ಅಂತ ಐಆರ್‌ಡಿಎಐ ಕಂಪನಿಯನ್ನು ಕೇಳುತ್ತೆ. ನಿಮ್ಮ ಪಾಲಿಸಿ ಸುಮ್ನೆ ಮಾಯ ಆಗಲ್ಲ. ಆದರೆ ಅರ್ಧದಲ್ಲಿ ಸರೆಂಡರ್ ಮಾಡಿದರೆ ಜೀವ ವಿಮೆಯ ರಕ್ಷಣೆ ಅವತ್ತೇ ಮುಗಿಯುತ್ತೆ. ಕಟ್ಟಿದ್ದಕ್ಕಿಂತ ಕಡಿಮೆ ಹಣ ಬರೋದೇ ಜಾಸ್ತಿ.

ಅಜ್ಜಿಯ ಬಾಂಡ್ ವಾಪಸ್ ಡಬ್ಬಿ ಸೇರಿದೆ. ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.