‘ರೀಸ್ಟಾರ್ಟ್ ಮಾಡಿದ್ವಿ, ಸರಿ ಹೋಯ್ತು’ ಅಂತ ಟಿಕೆಟ್ ಮುಚ್ಚಬೇಡಿ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಪುಣೆಯ ಬಾಣೇರ್‌ನಲ್ಲಿ ಸಂಜೆಯಿಂದ ಮಳೆ. ಆಗಷ್ಟೇ ಊಟ ಮುಗಿಸಿ ಕೂತಿದ್ದೆ. ಫೋನ್ ಮಾಡಿದ್ದು ಕಂಪನಿಯ ಸರ್ವರ್ ನೋಡಿಕೊಳ್ಳೋ ನಮ್ಮ ತಂಡದ ವಿಜಯಪುರದ ಹುಡುಗ.

‘ಅಕ್ಕಾರ, ಚಾಕಣ್ ಗೋಡೌನಿನವರಿಗೆ ಆರ್ಡರ್ ಪೇಜ್ ಓಪನ್ ಆಗವಲ್ದು. ಮುಂಬೈದವರಿಗೆ ಆಗಾಕತ್ತೈತಿ, ನನಗೂ ಆಗಾಕತ್ತೈತಿ. ಎಲ್ಲಾ ಕಂಟೇನರ್ ಡೌನ್ ಮಾಡಿ ಅಪ್ ಮಾಡಿಬಿಡ್ಲೇನ್ರಿ?’

ಡಾಕರ್ ಅನ್ನೋ ಸಾಫ್ಟ್‌ವೇರ್ ಒಂದೊಂದು ಪ್ರೋಗ್ರಾಮನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುತ್ತೆ, ಆ ಡಬ್ಬಿಯೇ ಕಂಟೇನರ್. ಡೌನ್ ಮಾಡಿ ಅಪ್ ಮಾಡೋದು ಅಂದ್ರೆ ನಿಲ್ಲಿಸಿ ಮತ್ತೆ ಶುರು ಮಾಡೋದು. ‘ಬ್ಯಾಡಪ್ಪಾ, ಏನೂ ಮುಟ್ಟಬ್ಯಾಡ’ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಯಾಕಂದ್ರೆ ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ. ಹಿಂದಿನ ಎರಡೂ ಸಲ ಟಿಕೆಟ್‌ನಲ್ಲಿ, ಅಂದ್ರೆ ದೂರಿನ ದಾಖಲೆಯಲ್ಲಿ, ಬರೆದದ್ದು ಒಂದೇ ಸಾಲು: ‘ಕಂಟೇನರ್ ಹ್ಯಾಂಗ್ ಆಗಿತ್ತು, ರೀಸ್ಟಾರ್ಟ್ ಮಾಡಲಾಗಿದೆ.’ ಯಾವ ಕಂಟೇನರ್? ಯಾಕೆ ಹ್ಯಾಂಗ್ ಆಯ್ತು? ಹ್ಯಾಂಗ್ ಆದದ್ದೇ ನಿಜ ಆಗಿದ್ರೆ ಮುಂಬೈನವರಿಗೆ ಪೇಜ್ ಹೇಗೆ ಬರ್ತಿತ್ತು? ಯಾರೂ ಕೇಳಲಿಲ್ಲ. ನನಗೆ ಕೋಪ ಬರೋದು ಇಲ್ಲೇ. ಒಂದು ಊರಿಗೆ ಬರುತ್ತೆ, ಇನ್ನೊಂದು ಊರಿಗೆ ಬರಲ್ಲ ಅಂದ್ರೆ ಅದು ದಾರಿಯ ಸಮಸ್ಯೆ. ಕಂಟೇನರ್‌ನ ಸಮಸ್ಯೆ ಅಲ್ಲ.

ಲ್ಯಾಪ್‌ಟಾಪ್ ತೆಗೆದೆ. ಇಬ್ಬರೂ ಸ್ಕ್ರೀನ್ ಹಂಚಿಕೊಂಡು ಕೂತೆವು. ಕಂಟೇನರ್‌ಗಳೆಲ್ಲ ಆರಾಮಾಗಿ ಓಡ್ತಿದ್ವು, ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಪೇಜನ್ನು ಹೊರಗಿನವರಿಗೆ ಕೊಡೋ ಎಂಜಿನ್‌ಎಕ್ಸ್ ಕಂಟೇನರ್‌ನಲ್ಲಿಲ್ಲ, ಸರ್ವರ್ ಮೇಲೆ ನೇರವಾಗಿ ಓಡುತ್ತದೆ, ಅದೂ ಸರಿ ಇತ್ತು. ಚಾಕಣ್‌ನ ಒಬ್ಬರ ಐಪಿ, ಅಂದ್ರೆ ಕಂಪ್ಯೂಟರ್‌ನ ನೆಟ್‌ವರ್ಕ್ ವಿಳಾಸ, ಕೇಳು ಅಂದೆ. ದೂರದ ಆಫೀಸುಗಳನ್ನು ಕಂಪನಿಯ ನೆಟ್‌ವರ್ಕ್‌ಗೆ ಸೇರಿಸೋ ವಿಪಿಎನ್ ಅವರಿಗೆ ಕೊಟ್ಟ ವಿಳಾಸ 172.20.14.9. ಸರ್ವರ್‌ನಲ್ಲಿ ‘ಐಪಿ ರೂಟ್ ಗೆಟ್’ ಅಂತ ಹಾಕಿ ಆ ವಿಳಾಸ ಟೈಪ್ ಮಾಡಿಸಿದೆ. ಆ ವಿಳಾಸಕ್ಕೆ ಯಾವ ದಾರಿ ಅಂತ ಅದು ಹೇಳುತ್ತೆ. ಉತ್ತರ ಹೊರಗೆ ಹೋಗೋ ಬಾಗಿಲಾದ ಗೇಟ್‌ವೇ ಕಡೆ ತೋರಿಸಬೇಕಿತ್ತು. ಅದು ತೋರಿಸಿದ್ದು ಡಾಕರ್‌ನ ಒಂದು ಬ್ರಿಡ್ಜ್ ಕಡೆ, ಕಂಟೇನರ್‌ಗಳನ್ನು ಜೋಡಿಸೋ ಒಳಗಿನ ನೆಟ್‌ವರ್ಕ್ ಕಡೆ!

ಆ ಬ್ರಿಡ್ಜ್ ಮೇಲೆ, ಹಾದುಹೋಗೋ ಡೇಟಾ ಪ್ಯಾಕೆಟ್‌ಗಳನ್ನು ತೋರಿಸೋ ಟಿಸಿಪಿಡಂಪ್ ಹಚ್ಚಿದೆವು. ಸೆಕೆಂಡಿಗೊಂದು ಸಾಲು ಬೀಳ್ತಿತ್ತು: ‘ಹೂ ಹ್ಯಾಸ್ 172.20.14.9, ಟೆಲ್ 172.20.0.1’. 172.20.14.9 ಯಾರದು, 172.20.0.1ಕ್ಕೆ ಹೇಳಿ ಅಂತ. ಮತ್ತೆ ಅದೇ. ಮತ್ತೆ ಅದೇ. ನಮ್ಮ ಸರ್ವರ್ ತನ್ನ ಹೊಟ್ಟೆಯೊಳಗಿನ ಬ್ರಿಡ್ಜ್‌ನಲ್ಲಿ ನಿಂತು ಚಾಕಣ್‌ನ ಲ್ಯಾಪ್‌ಟಾಪನ್ನು ಕೂಗ್ತಿತ್ತು. ಅಲ್ಲಿ ಉತ್ತರ ಕೊಡೋರು ಯಾರಿದ್ದಾರೆ?

ಆಗಿದ್ದು ಇಷ್ಟು. ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸೋ ಡಾಕರ್ ಕಂಪೋಸ್ ಪ್ರತಿ ಪ್ರಾಜೆಕ್ಟಿಗೂ ತಾನಾಗಿಯೇ ಒಂದು ನೆಟ್‌ವರ್ಕ್ ಮಾಡುತ್ತದೆ. ನಾವು ಏನೂ ಹೇಳದಿದ್ರೆ 172.17ರಿಂದ ಶುರುವಾಗೋ ವಿಳಾಸಗಳು ಡಾಕರ್‌ನ ಮೊದಲ ಬ್ರಿಡ್ಜಿಗೆ, ಆಮೇಲಿನವಕ್ಕೆ 172.18, 19, 20 ಅಂತ 31ರವರೆಗೆ ಖಾಲಿ ಇರೋದನ್ನು ಹಿಡಿಯುತ್ತಾ ಹೋಗುತ್ತದೆ. ಒಂದೊಂದರಲ್ಲೂ 65,536 ವಿಳಾಸ. ಮೂರು ಕಂಟೇನರ್ ಇರೋ ಪ್ರಾಜೆಕ್ಟಿಗೆ ಅಷ್ಟು! ಅತ್ತ 172.16ರಿಂದ 172.31ರವರೆಗಿನ ವಿಳಾಸಗಳನ್ನು ಖಾಸಗಿ ನೆಟ್‌ವರ್ಕ್‌ಗಳಿಗೆ ಅಂತ ಬಿಟ್ಟುಕೊಟ್ಟಿದ್ದಾರೆ, 1996ರ ಆರ್‌ಎಫ್‌ಸಿ 1918 ಅನ್ನೋ ಇಂಟರ್ನೆಟ್ ದಾಖಲೆಯಲ್ಲಿ. ಹಾಗಾಗಿ ಆಫೀಸಿನ ವಿಪಿಎನ್‌ಗಳೂ ಅದನ್ನೇ ಬಳಸುತ್ತವೆ. ನಿನ್ನೆ ಸಂಜೆ ಯಾರೋ ಅದೇ ಸರ್ವರ್ ಮೇಲೆ ಒಂದು ಟೆಸ್ಟ್ ಪ್ರಾಜೆಕ್ಟ್ ಅಪ್ ಮಾಡಿದ್ದಾರೆ. ಅದಕ್ಕೆ 172.20 ಸಿಕ್ಕಿದೆ. ಮನೆಯ ಒಂದು ಕೋಣೆಗೆ ‘ಚಾಕಣ್’ ಅಂತ ಹೆಸರಿಟ್ಟ ಹಾಗೆ. ಊರಿಗೆ ಹೋಗಬೇಕಾದ ಟಪಾಲೆಲ್ಲ ಆ ಕೋಣೆಯಲ್ಲೇ ಬಿತ್ತು.

ಹಾಗಾದ್ರೆ ಹಿಂದಿನ ಎರಡು ಸಲ ರೀಸ್ಟಾರ್ಟ್‌ನಿಂದ ಹೇಗೆ ಸರಿ ಹೋಯ್ತು? ಎಲ್ಲ ಡೌನ್ ಮಾಡಿದಾಗ ನೆಟ್‌ವರ್ಕ್‌ಗಳೂ ಅಳಿಸಿ ಹೋದವು. ಅಪ್ ಮಾಡುವಾಗ ಬೇಕಾದ ಪ್ರಾಜೆಕ್ಟ್‌ಗಳನ್ನಷ್ಟೇ ಮಾಡಿದರು, ಟೆಸ್ಟ್ ಬಿಟ್ಟರು. 172.20 ಖಾಲಿ ಆಯ್ತು, ಚಾಕಣ್‌ನವರಿಗೆ ಪೇಜ್ ಬಂತು, ಟಿಕೆಟ್ ಮುಚ್ಚಿತು. ಜೊತೆಗೆ ಸಾಕ್ಷಿಯೂ ಹೋಯ್ತು.

ನಮ್ಮ ಅಪ್ಪ ಧಾರವಾಡದಲ್ಲಿ ಟೆಲಿಫೋನ್ ಲೈನ್‌ಮನ್ ಆಗಿದ್ದರು. ಯಾರದೋ ಮನೆಯ ಫೋನ್ ಸತ್ತರೆ ಮೊದಲು ಫೋನ್ ಡಬ್ಬಿ ಬಿಚ್ಚುತ್ತಿರಲಿಲ್ಲ. ಕಂಬದಿಂದ ಕಂಬಕ್ಕೆ ನಡೆದು, ಎಲ್ಲಿಯವರೆಗೆ ದನಿ ಬರುತ್ತೆ ಅಂತ ನೋಡುತ್ತಿದ್ದರು. ನಾನು ಸಣ್ಣವಳಿದ್ದಾಗ ಸೈಕಲ್ ಹಿಂದೆ ಕೂತು ಎಷ್ಟೋ ಸಲ ಹೋಗಿದ್ದೇನೆ. ಅದನ್ನೇ ನಾನು ಈ ಹುಡುಗರಿಗೆ ಕೇಳ್ತಿರೋದು. ಪ್ಯಾಕೆಟ್ ಎಲ್ಲಿಯವರೆಗೆ ಬಂತು? ಎಲ್ಲಿಂದ ಮುಂದೆ ಹೋಗಲಿಲ್ಲ? ಇದನ್ನು ನೋಡದೆ ಯಾವ ಬಟನ್ನನ್ನೂ ಒತ್ತಬೇಡಿ.

ನಮ್ಮ ಲೀಡ್ ಹೇಳೋದೇ ಬೇರೆ. ‘ಮಧ್ಯರಾತ್ರಿ ಲಾರಿ ನಿಂತಿರುತ್ತೆ, ಮೊದಲು ಸರ್ವೀಸ್ ಶುರು ಆಗಲಿ, ಕಾರಣ ಆಮೇಲೆ ಹುಡುಕೋಣ.’ ಲಾರಿ ನಿಲ್ಲಿಸಿ ಅಂತ ನಾನೂ ಹೇಳಲ್ಲ. ಆದರೆ ರೂಟ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಅನ್ನೋ ಪಟ್ಟಿ) ಒಂದು ಫೈಲಿಗೆ ಹಾಕಿಕೊಳ್ಳೋಕೆ, ಅರ್ಧ ನಿಮಿಷ ಟಿಸಿಪಿಡಂಪ್ ಓಡಿಸೋಕೆ ಒಟ್ಟು ಎರಡು ನಿಮಿಷ ಸಾಕು. ‘ಆಮೇಲೆ’ ಅನ್ನೋದು ನಾಲ್ಕು ತಿಂಗಳಿಂದ ಬಂದೇ ಇಲ್ಲ. ಇನ್ನೊಬ್ಬರು, ಡಾಕರ್ ತಾನೇ ನೋಡಿಕೊಂಡು ಖಾಲಿ ವಿಳಾಸ ತಗೊಳ್ಳುತ್ತಲ್ಲ ಅಂದರು. ನೋಡುತ್ತೆ, ಆ ಸರ್ವರ್‌ನ ರೂಟ್ ಟೇಬಲ್ ಅಷ್ಟೇ. ಗೇಟ್‌ವೇ ಆಚೆ ಇರೋ ವಿಪಿಎನ್ ಅದಕ್ಕೆ ಹೇಗೆ ಕಾಣಬೇಕು?

ಹೋದ ವರ್ಷವೂ ಹೀಗೇ ಆಗಿತ್ತು. ಲಾಗಿನ್ ಆಗ್ತಿತ್ತು, ದೊಡ್ಡ ರಿಪೋರ್ಟ್ ಮಾತ್ರ ತೆರೀತಿರಲಿಲ್ಲ. ಆಗ ಮೂರು ದಿನ ರೀಸ್ಟಾರ್ಟ್ ಮಾಡಿದರು. ಬೇರೆ ಬೇರೆ ಸರ್ವರ್‌ಗಳ ಕಂಟೇನರ್‌ಗಳನ್ನು ಸೇರಿಸೋ ಓವರ್‌ಲೇ ನೆಟ್‌ವರ್ಕ್‌ನ ವಿಎಕ್ಸ್‌ಲ್ಯಾನ್ ಪ್ರತಿ ಪ್ಯಾಕೆಟ್‌ಗೂ 50 ಬೈಟ್ ಸೇರಿಸುತ್ತೆ. ಕೆಳಗಿನ ನೆಟ್‌ವರ್ಕ್ ಹೊರೋದೇ 1450 ಬೈಟ್, ಕಂಟೇನರ್ ಕಳಿಸೋದೂ 1450. ಸಣ್ಣ ಪ್ಯಾಕೆಟ್ ದಾಟುತ್ತೆ, ದೊಡ್ಡದು ಬಿದ್ದು ಹೋಗುತ್ತೆ. ಕಂಟೇನರ್‌ನ ಎಂಟಿಯು, ಅಂದ್ರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1400ಕ್ಕೆ ಇಳಿಸಿದ ಮೇಲೆ ಇವತ್ತಿನವರೆಗೂ ಆ ದೂರು ಬಂದಿಲ್ಲ.

ಒಂದು ಮಾತು ಹೇಳಲೇಬೇಕು. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನೂ ರೀಸ್ಟಾರ್ಟ್ ಮಾಡಿಯೇ ದಿನ ತಳ್ಳಿದ್ದೇನೆ. ಗೊತ್ತಿಲ್ಲ ಅಂತ ಹೇಳೋಕೆ ಹೆದರಿಕೆ ಇತ್ತು. ಅದಕ್ಕೇ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ‘ಹ್ಯಾಂಗ್ ಆಗಿತ್ತು’ ಅನ್ನೋ ಸಾಲನ್ನು ಓದಿ ಸಹಿ ಹಾಕಿದ ದೊಡ್ಡವರ ಮೇಲೆ ಸಿಟ್ಟಿದೆ.

ರಾತ್ರಿ ಆ ಟೆಸ್ಟ್ ಪ್ರಾಜೆಕ್ಟ್ ಒಂದನ್ನೇ ಡೌನ್ ಮಾಡಿದೆವು. ಆರ್ಡರ್ ಪೇಜನ್ನು ಮುಟ್ಟಲೂ ಇಲ್ಲ. ಒಂದೇ ನಿಮಿಷಕ್ಕೆ ಚಾಕಣ್‌ನಿಂದ ‘ಆಲಂ, ಆಲಂ’ (ಮರಾಠಿಯಲ್ಲಿ ‘ಬಂತು, ಬಂತು’) ಅಂತ ಮೆಸೇಜ್ ಬಂತು. ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದು, ‘ಅಕ್ಕಾರ, ನಮ್ಮ ಕಂಟೇನರ್‌ದು ಏನೂ ತಪ್ಪಿರಲಿಲ್ಲಲ್ರಿ’ ಅಂದ.

ಇವತ್ತು ಬೆಳಗ್ಗೆ ಹಳೆಯ ಎರಡೂ ಟಿಕೆಟ್ ಮತ್ತೆ ತೆರೆಸಿದ್ದೇನೆ. ‘ಹೂ ಹ್ಯಾಸ್’ ಸಾಲುಗಳನ್ನು ಹಾಗೆಹಾಗೇ ಅದರಲ್ಲಿ ಹಾಕಿದ್ದೇವೆ. ಡಾಕರ್‌ನ ಸೆಟ್ಟಿಂಗ್ ಇರೋ ಡೀಮನ್ ಫೈಲ್‌ನಲ್ಲಿ ಡಿಫಾಲ್ಟ್ ಅಡ್ರೆಸ್ ಪೂಲ್ (ಅದು ತಾನಾಗಿ ಹಂಚೋ ವಿಳಾಸಗಳ ಗುಂಪು) ಬದಲಿಸಿ, ಒಂದೊಂದು ನೆಟ್‌ವರ್ಕಿಗೆ 256 ವಿಳಾಸ ಸಾಕು ಅಂತ ಹುಡುಗನೇ ಬರೆದಿದ್ದಾನೆ. ಹಳೇ ನೆಟ್‌ವರ್ಕ್‌ಗಳು ತಾವಾಗಿ ಬದಲಾಗಲ್ಲ, ಅಳಿಸಿ ಮತ್ತೆ ಮಾಡಬೇಕು. ಅದಕ್ಕೆ ಮೊದಲು ಯಾವ ಆಫೀಸಿಗೆ ಯಾವ ವಿಳಾಸ ಕೊಟ್ಟಿದ್ದಾರೆ ಅನ್ನೋ ಪಟ್ಟಿ ನೆಟ್‌ವರ್ಕ್ ತಂಡದಿಂದ ಬರಬೇಕು. ಮಧ್ಯಾಹ್ನದಿಂದ ಮೂರು ಸಲ ಕೇಳಿದ್ದೇನೆ. ನಾಳೆ ಹಿಂಜವಡಿಯಲ್ಲಿ ಅವರ ಮೇಜಿನ ಹತ್ತಿರವೇ ಹೋಗಿ ಕೂರ್ತೇನೆ.